ಸಮುದ್ರವಿಲ್ಲದ ಊರಿನಿಂದ ಡಾಲ್ಫಿನ್, ಮೀನಿನ ಫೋಟೋಗೆ: ಸಮಗ್ರ ಮಾರ್ಗದರ್ಶಿ

ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ದೊಡ್ಡ ಅಕ್ವೇರಿಯಂ ನೋಡುವುದು ಸಾಮಾನ್ಯವಾಗಿ ಪ್ರವಾಸದ ನಡುವೆ ಸಿಗುವ ಒಂದು ಮಧ್ಯಾಹ್ನ. ಜೊತೆಗೆ ಮನೆಮಂದಿ, ಮಕ್ಕಳು, ಹೊರಗೆ ಕಾಯುತ್ತಿರುವ ಗಾಡಿ. ಅಲ್ಲಿ ನಿಂತು ಕ್ಯಾಮೆರಾ ಕಲಿಯಲು ಟೈಮ್ ಇರಲ್ಲ. ಅದಕ್ಕೇ ನಾನು ಹೇಳುವುದು ಇಷ್ಟೇ: ಗಾಜು, ಬೆಳಕು, ಟೈಮಿಂಗ್, ಈ ಮೂರನ್ನೂ ಊರಲ್ಲೇ ಕಲಿತು ಹೋಗಿ. ಟ್ಯಾಂಕ್ ಮುಂದೆ ನಿಂತಾಗ ನಿಮ್ಮ ಕಣ್ಣು ಪೂರ್ತಿ ಪ್ರಾಣಿಯ ಮೇಲೇ ಇರಬೇಕು.

ಎಲ್ಲಿಗೆ ಹೋಗಬಹುದು?

ಮುಂಬೈ–ಚೆನ್ನೈ ರೈಲು ಮಾರ್ಗ ಕಲಬುರಗಿ, ವಾಡಿ, ಯಾದಗಿರಿ ಮೇಲೇ ಹಾದುಹೋಗುತ್ತದೆ. ಹಾಗಾಗಿ ನಮಗೆ ಚೆನ್ನೈ ಸುಲಭ. ಅಲ್ಲಿ ಈಸ್ಟ್ ಕೋಸ್ಟ್ ರೋಡಿನಲ್ಲಿ 2019ರಲ್ಲಿ ಶುರುವಾದ ವಿಜಿಪಿ ಮರೈನ್ ಕಿಂಗ್‌ಡಮ್ ಇದೆ. ನೀರಿನಡಿಯ ಸುರಂಗದಲ್ಲಿ ನಡೆದು ಹೋಗುತ್ತಾ ತಲೆ ಮೇಲೆ ಶಾರ್ಕ್, ತೊರಕೆ (ರೇ) ಮೀನು ನೋಡಬಹುದು. ಬೀದರ್‌ನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿಂದ ದುಬೈಗೆ ನೇರ ವಿಮಾನ. ಗಲ್ಫ್‌ನಲ್ಲಿ ಕೆಲಸಕ್ಕಿರುವ ಅಣ್ಣನನ್ನೋ ಮಾಮನನ್ನೋ ನೋಡಲು ಹೋಗುವವರು ನಮ್ಮಲ್ಲಿ ಬಹಳ ಮಂದಿ. ಹೋದಾಗ ದುಬೈ ಮಾಲ್‌ನ ಅಕ್ವೇರಿಯಂ ಬಿಡಬೇಡಿ. 1 ಕೋಟಿ ಲೀಟರ್ ನೀರಿನ ಟ್ಯಾಂಕ್ ಅದು, ಸುರಂಗವೇ 48 ಮೀಟರ್ ಉದ್ದ.

ಡಾಲ್ಫಿನ್ ವಿಷಯ ಬೇರೆ. ಭಾರತದಲ್ಲಿ ಡಾಲ್ಫಿನ್ ಶೋ ಇಲ್ಲ. 2013ರ ಮೇ ತಿಂಗಳಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ ಸುತ್ತೋಲೆ ಹೊರಡಿಸಿ, ಡಾಲ್ಫಿನ್ ಹಿಡಿದಿಟ್ಟು ಆಟ ಆಡಿಸುವ ಕೇಂದ್ರಗಳಿಗೆ ಅನುಮತಿ ಕೊಡಬಾರದು ಎಂದು ರಾಜ್ಯಗಳಿಗೆ ಹೇಳಿತು. ಆ ನಿರ್ಧಾರ ಸರಿ ಎಂದೇ ನನ್ನ ನಂಬಿಕೆ. ಕಿಲೋಮೀಟರುಗಟ್ಟಲೆ ಈಜಿ ಬದುಕುವ ಪ್ರಾಣಿಗೆ ಕೊಳ ಸಾಲಲ್ಲ. ಹೊರದೇಶಕ್ಕೆ ಹೋದಾಗ ಶೋ ನೋಡುತ್ತೀರೋ ಬಿಡುತ್ತೀರೋ ಅದು ನಿಮಗೆ ಬಿಟ್ಟದ್ದು. ನಮ್ಮಲ್ಲೇ ನೋಡಬೇಕಾದರೆ ಕಾರವಾರ, ಗೋವಾದ ಸಮುದ್ರ ಇದೆ. ಎರಡಕ್ಕೂ ಬೇಕಾದ ಕೈಚಳಕ ಒಂದೇ, ಅದನ್ನು ಮುಂದೆ ಹೇಳುತ್ತೇನೆ.

ಹೆಜ್ಜೆ 1: ಊರಲ್ಲೇ ತಾಲೀಮು

ಮೂರು ತಾಲೀಮು ಸಾಕು. ಯಾವುದಕ್ಕೂ ದುಡ್ಡು ಬೇಡ.

ಮೊದಲನೆಯದು ಗಾಜಿನದು. ಅಕ್ವೇರಿಯಂ ಸಾಮಾನು ಮಾರುವ ಅಂಗಡಿಗೆ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಹೋಗಿ. "ಭಾಯ್, ಐದು ನಿಮಿಷ ಅಂಗಡಿ ಲೈಟ್ ಬಂದ್ ಮಾಡ್ತೀರೇನು? ಟ್ಯಾಂಕಿನ ಲೈಟ್ ಇರ್ಲಿ," ಎಂದು ಕೇಳಿ. ಬೇಡ ಅನ್ನುವವರು ಕಡಿಮೆ. ಈಗ ಟ್ಯಾಂಕಿನಿಂದ ಎರಡು ಅಡಿ ದೂರ ನಿಂತು ಒಂದು ಫೋಟೋ ತೆಗೆಯಿರಿ. ಆಮೇಲೆ ಲೆನ್ಸನ್ನು ಗಾಜಿಗೆ ಮುಟ್ಟಿಸಿ, ನೇರವಾಗಿ ಹಿಡಿದು ಇನ್ನೊಂದು. ಮೂರನೆಯದು ಲೆನ್ಸ್ ಮುಟ್ಟಿಸಿಯೇ, ಆದರೆ ಪಕ್ಕಕ್ಕೆ ಓರೆ ಮಾಡಿ. ಮೂರನ್ನೂ ಸ್ಕ್ರೀನಿನಲ್ಲಿ ದೊಡ್ಡದು ಮಾಡಿ ನೋಡಿ. ಮೊದಲನೆಯದರಲ್ಲಿ ನಿಮ್ಮ ಮುಖ, ಅಂಗಡಿಯ ಬಾಗಿಲು ಎಲ್ಲಾ ಇರುತ್ತದೆ. ಮೂರನೆಯದರಲ್ಲಿ ಮೀನಿನ ಅಂಚಿಗೆ ಕೆಂಪು, ನೀಲಿ ಗೆರೆ ಬಂದು ಚಿತ್ರ ಮಸುಕಾಗಿರುತ್ತದೆ. ಎರಡನೆಯದೊಂದೇ ಸ್ವಚ್ಛ. ಇದನ್ನು ಒಮ್ಮೆ ಕಣ್ಣಾರೆ ಕಂಡರೆ ಕೈ ತಾನಾಗೇ ಲೆನ್ಸನ್ನು ಗಾಜಿಗೆ ಒಯ್ಯುತ್ತದೆ.

ಅಲ್ಲೇ ಇನ್ನೊಂದು ಪರೀಕ್ಷೆ ಮಾಡಿ. ನೀರಿನಲ್ಲಿರುವ ವಸ್ತು ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಹೆಚ್ಚುಕಡಿಮೆ ಮುಕ್ಕಾಲು ದೂರಕ್ಕೆ. ಗಾಜಿನಿಂದ 40 ಸೆಂ.ಮೀ. ಒಳಗಿರುವ ಮೀನು ಲೆನ್ಸಿಗೆ 30 ಸೆಂ.ಮೀ. ದೂರದಲ್ಲಿದ್ದಂತೆ. ಪ್ರತಿ ಲೆನ್ಸಿಗೂ ಫೋಕಸ್ ಆಗುವ ಕನಿಷ್ಠ ದೂರ ಒಂದಿರುತ್ತದೆ. ನಿಮ್ಮ ಲೆನ್ಸಿನದು 45 ಸೆಂ.ಮೀ. ಆಗಿದ್ದರೆ ಈ ಮೀನಿಗೆ ಅದು ಎಷ್ಟು ಒದ್ದಾಡಿದರೂ ಫೋಕಸ್ ಆಗಲ್ಲ. ಕ್ಯಾಮೆರಾ ಕೆಟ್ಟಿದೆ ಅಂದುಕೊಳ್ಳಬೇಡಿ. ಆ ಮೀನನ್ನು ಬಿಟ್ಟು ಇನ್ನೂ ಒಳಗಿರುವುದನ್ನು ಹಿಡಿಯಿರಿ.

ಎರಡನೆಯ ತಾಲೀಮು ಬೆಳಕಿನದು. ಇದಕ್ಕೆ ಬಿದ್ರಿ ಹೂದಾನಿಯೋ ತಟ್ಟೆಯೋ ಬೇಕು. ನಮ್ಮ ಕಡೆ ಶೋಕೇಸಿನಲ್ಲಿ ಒಂದಾದರೂ ಇದ್ದೇ ಇರುತ್ತದೆ, ಅಲ್ವಾ? ಸತು, ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು, ನವಸಾಗರದಿಂದ ಕಪ್ಪು ಮಾಡಿದ ಸಾಮಾನು. ಅದನ್ನು ಕಿಟಕಿ ಹತ್ತಿರ ಇಟ್ಟು ಆಟೋದಲ್ಲಿ ಒಂದು ಫೋಟೋ ತೆಗೆಯಿರಿ. ಕ್ಯಾಮೆರಾಗೆ ಎಲ್ಲಾ ಕಡೆ ಕಪ್ಪೇ ಕಾಣುತ್ತದೆ. ಬೆಳಕು ಸಾಲದು ಅಂದುಕೊಂಡು ಅದು ಚಿತ್ರವನ್ನು ಬೆಳಗಿಸುತ್ತದೆ. ಆಗ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯ ಬಳ್ಳಿ ಬರೀ ಬಿಳಿ ಪಟ್ಟಿಯಾಗುತ್ತದೆ. ಈಗ ಚಿತ್ರದ ಬೆಳಕು ಏರಿಸಿ ಇಳಿಸುವ ಎಕ್ಸ್‌ಪೋಷರ್ ಕಾಂಪನ್ಸೇಶನ್ ಅನ್ನು -1ಕ್ಕೆ, ಬೇಕಾದರೆ -1.7ಕ್ಕೆ ಇಳಿಸಿ. ಕಪ್ಪು ಕಪ್ಪಾಗುತ್ತದೆ, ಬೆಳ್ಳಿಯ ಮೇಲಿನ ಸಣ್ಣ ಕೊರೆತ ಕೂಡ ಕಾಣುತ್ತದೆ.

ಕತ್ತಲೆ ಟ್ಯಾಂಕಿನಲ್ಲಿ ಹೊಳೆಯುವ ಬೆಳ್ಳಿ ಮೀನಿಗೂ, ಕಪ್ಪು ಹಿನ್ನೆಲೆಯಲ್ಲಿ ತೇಲುವ ಜೆಲ್ಲಿ ಮೀನಿಗೂ ಇದೇ ಲೆಕ್ಕ. ಬಿದ್ರಿ ಸಾಮಾನಿನಲ್ಲಿ ಎಷ್ಟು ಇಳಿಸಿದಾಗ ಸರಿಬಂತೋ ಅದನ್ನು ನೆನಪಿಡಿ. ಅಲ್ಲಿ ಅದರಿಂದಲೇ ಶುರು ಮಾಡಿ.

ಮೂರನೆಯದು ಟೈಮಿಂಗ್. ಬೇಸಿಗೆ ರಜೆಯಲ್ಲಿ ಹಳ್ಳಿಯ ಬಾವಿಗೆ ಹುಡುಗರು ಧುಮುಕುವುದನ್ನು ನೋಡಿದ್ದೀರಲ್ಲ. ಅದೇ ನಮ್ಮ ಡಾಲ್ಫಿನ್ ಶಾಲೆ. ಹಿರಿಯರನ್ನು ಕೇಳಿ, ಒಪ್ಪಿದರೆ ಮಾತ್ರ ಮಕ್ಕಳ ಫೋಟೋ ತೆಗೆಯಿರಿ. ಬಾವಿಯ ಕಟ್ಟೆಯಿಂದ ಹುಡುಗ ಮೇಲಕ್ಕೆ ನೆಗೆದು ಆಮೇಲೆ ಕೆಳಗೆ ಬೀಳುತ್ತಾನೆ. ನೆಗೆತದ ತುದಿಯಲ್ಲಿ ಕ್ಷಣ ಹೊತ್ತು ಗಾಳಿಯಲ್ಲೇ ನಿಂತಂತೆ ಕಾಣುತ್ತಾನೆ. ಆ ಕ್ಷಣಕ್ಕೆ ಬೆರಳು ಒತ್ತುವುದನ್ನು ಅಭ್ಯಾಸ ಮಾಡಬೇಕು. ಬಾವಿ ಹತ್ತಿರ ಇಲ್ಲವೆಂದರೆ ಗೆಳೆಯನ ಕೈಗೆ ಚೆಂಡು ಕೊಟ್ಟು ಮೇಲಕ್ಕೆ ಎಸೆಯಲು ಹೇಳಿ.

ಹೆಜ್ಜೆ 2: ಚೀಲದಲ್ಲಿ ಏನಿರಬೇಕು

ಜಾಸ್ತಿ ಬೇಡ. ಟ್ಯಾಂಕುಗಳಿಗೆ 50 ಎಂ.ಎಂ. ಎಫ್/1.8 ಲೆನ್ಸ್ ಒಂದಿದ್ದರೆ ಮುಕ್ಕಾಲು ಕೆಲಸ ಆಯಿತು. ಕಡಿಮೆ ಬೆಲೆ, ಕತ್ತಲಲ್ಲೂ ಕೆಲಸ ಮಾಡುತ್ತದೆ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು). ಸುರಂಗಕ್ಕೆ ಅಗಲದ ಲೆನ್ಸ್, ಅಂದರೆ ಕ್ಯಾಮೆರಾ ಜೊತೆ ಬರುವ 18–55ರ 18 ಸಾಕು. ಡಾಲ್ಫಿನ್‌ಗೆ ದೂರದ್ದನ್ನು ಹತ್ತಿರ ತರುವ 70–200 ಅಥವಾ 70–300.

ಇದಕ್ಕಿಂತ ಮುಖ್ಯವಾದವು ಸಣ್ಣ ಸಾಮಾನುಗಳು. ಲೆನ್ಸಿನ ಮುಂದೆ ಹಾಕುವ ಮೆತ್ತನೆಯ ರಬ್ಬರ್ ಹುಡ್ ತಗೊಳ್ಳಿ. ದೊಡ್ಡ ಟ್ಯಾಂಕುಗಳು ಗಾಜಿನವಲ್ಲ, ಅಕ್ರಿಲಿಕ್ ಎಂಬ ಗಾಜಿನಂಥ ಪ್ಲಾಸ್ಟಿಕ್‌ನವು. ಅಕ್ರಿಲಿಕ್ ಬೇಗ ಗೀರು ಬೀಳುತ್ತದೆ. ಲೋಹದ ಅಂಚು, ಕೈಯ ಉಂಗುರ ತಾಗದಂತೆ ನೋಡಿಕೊಳ್ಳಿ. ಕನ್ನಡಕ ಒರೆಸುವ ಬಟ್ಟೆ ಎರಡಿರಲಿ, ಒಂದು ಲೆನ್ಸಿಗೆ, ಒಂದು ಟ್ಯಾಂಕಿನ ಮೇಲಿನ ಬೆರಳಚ್ಚು ಒರೆಸಲು. ಕಪ್ಪು ಓಢಣಿ ಅಥವಾ ಶಾಲು ಒಂದು. ಬಿಳಿ ಅಂಗಿ ಹಾಕಬೇಡಿ, ಅದು ಗಾಜಿನಲ್ಲಿ ಟ್ಯೂಬ್‌ಲೈಟಿನಷ್ಟು ಎದ್ದು ಕಾಣುತ್ತದೆ. ಟ್ರೈಪಾಡ್ ಮನೆಯಲ್ಲೇ ಇರಲಿ. ಈಜುವ ಮೀನಿಗೆ ಅದರಿಂದ ಲಾಭವಿಲ್ಲ, ಜನರ ಕಾಲಿಗೂ ಅಡ್ಡ.

ನಮ್ಮ ಕಡೆಯ ಧೂಳಿನ ಬಗ್ಗೆ ಒಂದು ಮಾತು. ತೊಗರಿ ರಾಶಿಯ ಕಾಲದಲ್ಲಿ, ಬೇಸಿಗೆಯಲ್ಲಿ, ಲೆನ್ಸ್ ಬದಲಿಸುವ ಕೆಲಸ ಮನೆಯೊಳಗೇ ಆಗಲಿ. ಸೆನ್ಸರ್ ಮೇಲೆ ಕೂತ ಧೂಳಿನ ಕಣ ನೀಲಿ ನೀರಿನ ಫೋಟೋದಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕಾಣುತ್ತದೆ.

ಹೆಜ್ಜೆ 3: ಒಳಗೆ ಹೋದ ಮೇಲೆ

ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಆದಷ್ಟು ವಾರದ ದಿನ. ಬೆಳಿಗ್ಗೆ ಗಾಜಿನ ಮೇಲೆ ಕೈಗುರುತು ಕಡಿಮೆ, ಜನ ಕಡಿಮೆ. ಮೀನಿಗೆ ಊಟ ಹಾಕುವ ವೇಳೆ ಎಷ್ಟು ಎಂದು ಕೇಳಿಕೊಳ್ಳಿ. ಊಟಕ್ಕೆ ಸ್ವಲ್ಪ ಮೊದಲು ಮೀನುಗಳು ಚುರುಕಾಗಿರುತ್ತವೆ. ಆದ ಮೇಲೆ ನೀರಿನಲ್ಲಿ ತುಣುಕು ತೇಲಿ ಚಿತ್ರ ಮಬ್ಬಾಗುತ್ತದೆ.

ಫ್ಲ್ಯಾಶ್ ಬಂದ್ ಮಾಡಿ. ಫೋಕಸ್‌ಗೆಂದು ಮಿನುಗುವ ಆ ಕೆಂಪು ಅಥವಾ ಹಸಿರು ದೀಪವನ್ನೂ ಮೆನುವಿನಲ್ಲಿ ಹುಡುಕಿ ಬಂದ್ ಮಾಡಿ. ಹೆಚ್ಚಿನ ಮೀನುಗಳಿಗೆ ಕಣ್ಣು ಮುಚ್ಚಿಕೊಳ್ಳಲು ರೆಪ್ಪೆಯೇ ಇಲ್ಲ. ಎದುರಿಗೇ ಬರುವ ಆ ಬೆಳಕಿನಿಂದ ಅವು ತಪ್ಪಿಸಿಕೊಳ್ಳಲಾರವು. ನಿಮಗೂ ಅದರಿಂದ ಗಾಜಿನ ಮೇಲೆ ಬಿಳಿ ಉಂಡೆ ಬಿಟ್ಟು ಬೇರೇನೂ ಸಿಗಲ್ಲ. ಗಾಜು ಬಡಿಯುವುದಂತೂ ಬೇಡವೇ ಬೇಡ. ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ. ಪಕ್ಕದ ಮಕ್ಕಳು ಬಡಿಯುತ್ತಿದ್ದರೆ ಮೆಲ್ಲಗೆ ತಿಳಿಸಿ ಹೇಳಿ.

ಈಗ ಲೆನ್ಸ್ ಗಾಜಿಗೆ ಮುಟ್ಟಿಸಿ, ನೇರ. ದಪ್ಪ ಹೆಚ್ಚಿದಷ್ಟೂ ಓರೆಗೆ ಶಿಕ್ಷೆ ಹೆಚ್ಚು. ದುಬೈ ಮಾಲ್‌ನ ದೊಡ್ಡ ಅಕ್ರಿಲಿಕ್ ಗೋಡೆ 75 ಸೆಂ.ಮೀ. ದಪ್ಪ. ಅಲ್ಲಿ ಸ್ವಲ್ಪ ಓರೆಯಾದರೂ ಮೀನು ಎರಡೆರಡಾಗಿ ಕಾಣುತ್ತದೆ. ಮೀನು ಪಕ್ಕಕ್ಕೆ ಹೋದರೆ ಕ್ಯಾಮೆರಾ ತಿರುಗಿಸಬೇಡಿ, ನೀವೇ ಪಕ್ಕಕ್ಕೆ ಸರಿಯಿರಿ. ಲೆನ್ಸ್ ಮುಟ್ಟಿಸಲಾಗದ ಕಡೆ ಓಢಣಿಯನ್ನು ತಲೆಯ ಮೇಲಿಂದ ಇಳಿಬಿಟ್ಟು ಗಾಜಿಗೆ ಕತ್ತಲು ಮಾಡಿಕೊಳ್ಳಿ. ಗಾಜಿನ ಮೇಲೆ ಗೀರಿದ್ದರೆ ಚಿಂತೆ ಬೇಡ. ಲೆನ್ಸ್ ಹತ್ತಿರ ಇದ್ದು, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಂಡಿ) ದೊಡ್ಡದಾಗಿದ್ದರೆ ಅದು ಕರಗಿ ಹೋಗುತ್ತದೆ.

ಹೊಳಪು ಕಡಿಮೆ ಮಾಡುವ ಪೋಲರೈಜರ್ ಫಿಲ್ಟರ್ ಹಾಕಿದರೆ ಪ್ರತಿಬಿಂಬ ಹೋಗುತ್ತದಲ್ಲ ಎಂದು ಕೇಳುವವರಿದ್ದಾರೆ. ಒಳಗಿನ ಟ್ಯಾಂಕಿಗೆ ಅದು ಬೇಡ. ಒಂದೂವರೆ, ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಹೋದರೆ ಬೆಳಕು ಅರ್ಧ). ಗಾಜಿಗೆ ನೇರ ನಿಂತಾಗ ಪ್ರತಿಬಿಂಬವನ್ನು ಕಡಿಮೆ ಮಾಡುವುದೇ ಇಲ್ಲ. ಅಕ್ರಿಲಿಕ್ ಮೇಲೆ ಕಾಮನಬಿಲ್ಲಿನ ಪಟ್ಟೆ ಬೇರೆ ಬರಬಹುದು.

ಹೆಜ್ಜೆ 4: ಸೆಟ್ಟಿಂಗ್

ಕ್ಯಾಮೆರಾವನ್ನು ಶಟರ್ ಪ್ರಯಾರಿಟಿಗೆ (ಶಟರ್ ವೇಗ ಮಾತ್ರ ನೀವು ಆರಿಸುವ ಮೋಡ್) ಅಥವಾ ಮ್ಯಾನ್ಯುಯಲ್‌ಗೆ ಹಾಕಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಆಟೋ ಬಿಡಿ. ಮೇಲಿನ ಮಿತಿ 6400 ಇರಲಿ. ಶಟರ್ ವೇಗ ನಿಧಾನ ಮೀನಿಗೆ 1/125 ಸೆಕೆಂಡ್, ಓಡಾಡುವ ಮೀನಿಗೆ 1/250 ಅಥವಾ 1/320. ಮ್ಯಾನ್ಯುಯಲ್‌ನಲ್ಲಿ ಅಪರ್ಚರ್ ಎಫ್/2ರಿಂದ ಎಫ್/2.8, ಶಟರ್ ಪ್ರಯಾರಿಟಿಯಲ್ಲಿ ಅದನ್ನು ಕ್ಯಾಮೆರಾವೇ ಆರಿಸುತ್ತದೆ. ಫೋಕಸ್ ಕಂಟಿನ್ಯೂಯಸ್ (ಚಲಿಸುವುದನ್ನು ಹಿಂಬಾಲಿಸುವಂಥದು), ಕ್ಯಾನನ್‌ನಲ್ಲಿ ಎಐ ಸರ್ವೋ, ನಿಕಾನ್ ಮತ್ತು ಸೋನಿಯಲ್ಲಿ ಎಎಫ್-ಸಿ. ಫೈಲ್ ರಾ (ಕ್ಯಾಮೆರಾ ತಿದ್ದದ ಕಚ್ಚಾ ಫೈಲ್) ಇರಲಿ, ನೀಲಿ ಬೆಳಕನ್ನು ಆಮೇಲೆ ತಿದ್ದಲು ಅದೇ ದಾರಿ. ಚಿತ್ರದಲ್ಲಿ ಕಾಳು ಕಾಳು ಬಂದರೂ ಪರವಾಗಿಲ್ಲ, ಮೀನಿನ ಕಣ್ಣು ಅಲುಗಿದ್ದರೆ ಮಾತ್ರ ಏನು ಮಾಡಿದರೂ ಸರಿಯಾಗಲ್ಲ.

ಆಮೇಲೆ ಕ್ಯಾಮೆರಾ ಇಳಿಸಿ, ಸುಮ್ನೆ ನೋಡಿ. ಟ್ಯಾಂಕಿನ ಮೀನುಗಳಿಗೆ ಅವುಗಳದೇ ದಾರಿ ಇರುತ್ತದೆ. ಶಾರ್ಕ್ ಒಂದೇ ದಿಕ್ಕಿನಲ್ಲಿ ಸುತ್ತು ಹಾಕುತ್ತಿರುತ್ತದೆ. ಒಂದೆರಡು ಸುತ್ತು ನೋಡಿದರೆ ಅದು ಯಾವ ಮೂಲೆಯಲ್ಲಿ ನಮ್ಮ ಕಡೆ ತಿರುಗುತ್ತದೆ, ಎಲ್ಲಿ ದೀಪದ ಕೆಳಗೆ ಹಾಯುತ್ತದೆ ಎಂಬುದು ಗೊತ್ತಾಗುತ್ತದೆ. ಅಲ್ಲಿ ಲೆನ್ಸ್ ಇಟ್ಟು ಕಾಯಿರಿ. ಮೀನಿನ ಹಿಂದೆ ಗಾಜಿನುದ್ದಕ್ಕೂ ಓಡುವವರಿಗೆ ಬಾಲದ ಫೋಟೋಗಳೇ ಸಿಗುತ್ತವೆ.

ಹೆಜ್ಜೆ 5: ಯಾವ ಪ್ರಾಣಿಗೆ ಹೇಗೆ

ಶುರುವಿಗೆ ಕಡಲ ಕುದುರೆ ಛಲೋ. ಬಾಲದಿಂದ ಗಿಡ ಹಿಡಿದು ನಿಂತಿರುತ್ತದೆ, ಅವಸರವಿಲ್ಲ. ಪಕ್ಕದಿಂದ ತೆಗೆಯಿರಿ, ಕಣ್ಣಿಗೆ ಫೋಕಸ್. ಹೊಟ್ಟೆ ಉಬ್ಬಿದ್ದು ಕಂಡರೆ ಅದು ಗಂಡು ಇರಬಹುದು. ಈ ಜಾತಿಯಲ್ಲಿ ಮೊಟ್ಟೆಗಳನ್ನು ಚೀಲದಲ್ಲಿ ಹೊತ್ತು ಮರಿ ಮಾಡುವವನು ಗಂಡು.

ಕಿತ್ತಳೆ ಬಣ್ಣದ ಕ್ಲೌನ್ ಮೀನು ತಾನು ಮನೆ ಮಾಡಿಕೊಂಡ ಅನಿಮೋನ್ (ಹೂವಿನಂತೆ ಕಾಣುವ ಕಡಲ ಪ್ರಾಣಿ) ಬಿಟ್ಟು ದೂರ ಹೋಗಲ್ಲ. ಚುರುಕಾಗಿ ಒಳಗೆ ಹೊರಗೆ ಮಾಡುತ್ತಿದ್ದರೂ ಮತ್ತೆ ಅಲ್ಲಿಗೇ ಬರುತ್ತದೆ. ಅನಿಮೋನಿನ ಅಂಚಿಗೆ ಫೋಕಸ್ ಇಟ್ಟು, 1/250ಕ್ಕೆ ಹಾಕಿ, ಮುಖ ಹೊರಗೆ ಬಂದಾಗ ಒತ್ತಿ.

ಜೆಲ್ಲಿ ಮೀನಿನ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಅದರ ಛತ್ರಿ ಮುದುಡಿ ಬಿಚ್ಚುತ್ತದೆ. ಪೂರ್ತಿ ಬಿಚ್ಚಿದಾಗ ಒಂದು ಆಕಾರ, ಮುದುಡಿದಾಗ ಇನ್ನೊಂದು. ಮುದುಡುವಾಗಲೇ ಅದು ಮೇಲೇಳುವುದು, ಕೆಳಗಿನ ಎಳೆಗಳು ನೇರವಾಗುವುದು. ನನಗೆ ಆ ಕ್ಷಣದ ಫೋಟೋನೇ ಇಷ್ಟ. ಇಲ್ಲಿ ಬಿದ್ರಿ ಪಾಠ ನೆನಪಿಸಿಕೊಳ್ಳಿ: ಕಾಂಪನ್ಸೇಶನ್ -1ರಿಂದ ಶುರು. ತುಂಬಾ ಕಡೆ ದೀಪದ ಬಣ್ಣ ಬದಲಾಗುತ್ತಾ ಇರುತ್ತದೆ. ಬಿಳಿ ಅಥವಾ ತಿಳಿ ನೀಲಿ ಬರುವ ತನಕ ಕಾಯಿರಿ. ಕಡು ನೇರಳೆ, ಕೆಂಪಿನಲ್ಲಿ ಅದರ ಎಳೆಗಳ ನಯ ಪೂರ್ತಿ ಮುಚ್ಚಿಹೋಗುತ್ತದೆ.

ಸುರಂಗದ ಗೋಡೆ ಬಾಗಿರುತ್ತದೆ, ಹಾಗಾಗಿ ಪಕ್ಕಕ್ಕೆ ತೆಗೆದದ್ದೆಲ್ಲಾ ಎಳೆದಂತೆ ಬರುತ್ತದೆ. ಅಗಲದ ಲೆನ್ಸ್ ಹಾಕಿ ತಲೆಯ ಮೇಲೆ ನೇರ ತೆಗೆಯಿರಿ. ತೊರಕೆ ಮೀನು ಗಾಜಿನ ಮೇಲೆ ಮಲಗಿದಾಗ ಅದರ ಹೊಟ್ಟೆಯ ಕಡೆ ನಗುವ ಮುಖ ಕಂಡಂತಾಗುತ್ತದೆ. ಕಣ್ಣಿನಂತೆ ಕಾಣುವ ಆ ಎರಡು ತೂತುಗಳು ಮೂಗು, ನಿಜವಾದ ಕಣ್ಣು ಬೆನ್ನಿನ ಕಡೆ ಇದೆ. ಮಕ್ಕಳು ತಲೆ ಎತ್ತಿ ನೋಡುತ್ತಿರುವಾಗ ಹಿಂದಿನಿಂದ, ನೀಲಿ ಬೆಳಕಿಗೆ ಎದುರಾಗಿ ಅವರ ನೆರಳಿನ ಚಿತ್ರ ತೆಗೆಯಿರಿ. ಮನೆಯಲ್ಲಿ ಗೋಡೆಗೆ ಹಾಕುವಂಥ ಫೋಟೋ ಹೆಚ್ಚಾಗಿ ಅದೇ ಆಗುತ್ತದೆ.

ಹೆಜ್ಜೆ 6: ಡಾಲ್ಫಿನ್

ಶೋನಲ್ಲಿ ಮೊದಲ ಸಾಲು ಬೇಡ. ಅಲ್ಲಿ ಉಪ್ಪು ನೀರು ಎರಚುತ್ತದೆ, ಉಪ್ಪು ಕ್ಯಾಮೆರಾಗೆ ಶತ್ರು. ಮಧ್ಯದ ಸಾಲು ಸರಿ. ಬಯಲು ಕೊಳವಾದರೆ ಸೂರ್ಯ ನಿಮ್ಮ ಬೆನ್ನಿಗಿರಲಿ. ಹಿನ್ನೆಲೆಯಲ್ಲಿ ಜಾಹೀರಾತು ಬೋರ್ಡ್ ಇಲ್ಲದ ಕಡೆ ಆರಿಸಿ. ಪೋಲರೈಜರ್‌ಗೆ ಈಗ ಕೆಲಸ ಇದೆ: ನೀರಿನ ಹೊಳಪು ಕಡಿಮೆ ಮಾಡಿ ಕೆಳಗೆ ಈಜುವ ಮೈಯನ್ನು ತೋರಿಸುತ್ತದೆ. ಮೋಡ ಇದ್ದರೆ ತೆಗೆದಿಡಿ.

ಶಟರ್ 1/1000ಕ್ಕಿಂತ ಕಡಿಮೆ ಬೇಡ, 1/1600 ಆದರೆ ಹನಿಗಳೂ ನಿಲ್ಲುತ್ತವೆ. ಎಫ್/5.6, ಬರ್ಸ್ಟ್ ಮೋಡ್ (ಒತ್ತಿ ಹಿಡಿದರೆ ಸಾಲಾಗಿ ಫೋಟೋ ಬರುವಂಥದು), ಕಾಂಪನ್ಸೇಶನ್ -0.7. ಒದ್ದೆ ಬೆನ್ನಿನ ಮೇಲೆ ಬಿಸಿಲು ಹೊಳೆಯುವ ಜಾಗ ಸುಟ್ಟುಹೋಗಬಾರದು.

ಟೈಮಿಂಗ್ ಲೆಕ್ಕ ಹೀಗೆ. ಡಾಲ್ಫಿನ್ 3 ಮೀಟರ್ ಎತ್ತರ ಹಾರಿದರೆ ಏರಿ ಇಳಿಯಲು ಒಟ್ಟು ಒಂದೂವರೆ ಸೆಕೆಂಡ್ ಮಾತ್ರ. ಆದರೆ ತುತ್ತತುದಿಯ ಆಚೀಚೆ ಕಾಲು ಕಾಲು ಸೆಕೆಂಡಿನಲ್ಲಿ ಅದು ಏರಿಳಿಯುವುದು ಒಂದು ಅಡಿಯಷ್ಟೇ. ಆ ಅರ್ಧ ಸೆಕೆಂಡ್ ನಿಮ್ಮದು. ಅದು ಮೇಲೆ ಬಂದ ಮೇಲೆ ಹುಡುಕಿದರೆ ತಡವಾಯಿತು, ಮೊದಲೇ ಅಲ್ಲಿ ಕ್ಯಾಮೆರಾ ಇರಬೇಕು. ಹಾಗಾದರೆ ಎಲ್ಲಿ ಏಳುತ್ತದೆ ಎಂದು ಹೇಗೆ ತಿಳಿಯುವುದು? ತರಬೇತುದಾರರ ಕೈ ನೋಡಿ. ಸನ್ನೆ ಆದ ಕೂಡಲೇ ಡಾಲ್ಫಿನ್ ಆಳಕ್ಕೆ ಇಳಿಯುತ್ತದೆ, ವೇಗ ಸಿಗಲು ಅದಕ್ಕೆ ಆಳ ಬೇಕು. ನೀರಿನ ಮೇಲ್ಮೈ ಖಾಲಿಯಾದರೆ ಹಾರುವ ಹೊತ್ತು ಬಂತೆಂದೇ ಅರ್ಥ. ಮೇಲೆ ಚೆಂಡು ತೂಗುಹಾಕಿದ್ದರೆ ಅದರ ಮೇಲೇ ಫೋಕಸ್ ಇಟ್ಟು ಕಾಯಿರಿ. ಫ್ರೇಮ್ ಸಡಿಲವಾಗಿರಲಿ. ಮೂತಿಯ ಮುಂದೆ ಜಾಗ ಬಿಡಿ, ಬಾಲದ ಕೆಳಗೆ ಇಳಿಯುವ ನೀರಿನ ಎಳೆಗೂ ಜಾಗ ಬೇಕು. ಆಟ ಸರಿಯಾಗಿ ಆದಾಗ ತರಬೇತುದಾರರು ಸೀಟಿ ಊದುತ್ತಾರೆ. ಡಾಲ್ಫಿನ್‌ಗೆ ಅದರ ಅರ್ಥ ಮೀನು ಸಿಗುತ್ತದೆ ಎಂದು. ಕೂಡಲೇ ಅದು ದಡಕ್ಕೆ ಬಂದು ತಲೆ ಎತ್ತುತ್ತದೆ. ಜನ ಚಪ್ಪಾಳೆ ತಟ್ಟುವಾಗ ನೀವು ಆ ಮುಖಕ್ಕೆ ತಯಾರಾಗಿರಿ. ಅದು ನಕ್ಕಂತೆ ಕಾಣುವುದು ದವಡೆಯ ಆಕಾರದಿಂದ. ಫೋಟೋ ಹಂಚುವಾಗ 'ಖುಷಿಯಾಗಿದೆ' ಎಂದು ಬರೆಯಬೇಡಿ ಎಂಬುದು ನನ್ನ ಕೋರಿಕೆ.

ನೀರಿನೊಳಗಿನ ಕಿಟಕಿ ಇದ್ದರೆ ಶೋಗಿಂತ ಅದೇ ಒಳ್ಳೆಯದು. ಡಾಲ್ಫಿನ್ ಕುತೂಹಲದ ಪ್ರಾಣಿ. ನೀವು ಅಲುಗದೆ ಕೂತರೆ ಗಾಜಿನ ಹತ್ತಿರ ಬಂದು, ಪಕ್ಕಕ್ಕೆ ತಿರುಗಿ, ಒಂದು ಕಣ್ಣಿನಿಂದ ನಿಮ್ಮನ್ನು ನೋಡುತ್ತದೆ. ಇಲ್ಲಿ 1/500, ಎಫ್/2.8.

ಕಾರವಾರ ಅಥವಾ ಗೋವಾದಲ್ಲಿ ದೋಣಿಯಿಂದಾದರೆ ಹಾರಾಟದ ಆಸೆ ಬೇಡ. ಕರಾವಳಿಯ ಹತ್ತಿರ ಸಿಗುವ ಗೂನುಬೆನ್ನಿನ ಡಾಲ್ಫಿನ್‌ಗಳು ಉಸಿರಿಗೆ ಬಂದು ಬೆನ್ನು, ರೆಕ್ಕೆ ತೋರಿಸಿ ಮುಳುಗುತ್ತವೆ. ಒಂದು ಸಲ ಕಂಡ ದಿಕ್ಕಿನಲ್ಲೇ ಸ್ವಲ್ಪ ಮುಂದೆ ಮತ್ತೆ ಏಳುತ್ತವೆ, ಅಲ್ಲಿ ಲೆನ್ಸ್ ಇಡಿ. ಬೆನ್ನಟ್ಟಬೇಡಿ, ಇಂಜಿನ್ ನಿಧಾನ ಮಾಡಿ ಎಂದು ದೋಣಿಯವರಿಗೆ ಹೊರಡುವಾಗಲೇ ಹೇಳಿ.

ಮೊಬೈಲ್ ಮಾತ್ರ ಇದ್ದರೆ

ಲೆನ್ಸಿರುವ ಭಾಗವನ್ನು ಗಾಜಿಗೆ ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ಮೀನಿನ ಮೇಲೆ ಬೆರಳು ಒತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಬೆಳಕನ್ನು ಕೆಳಗೆಳೆಯಿರಿ. ನೈಟ್ ಮೋಡ್ ಬೇಡ, ಓಡುವ ಮೀನು ಅದರಲ್ಲಿ ಹೊಗೆಯಾಗುತ್ತದೆ. ಎಲ್‌ಇಡಿ ದೀಪದಿಂದ ಅಡ್ಡಪಟ್ಟೆ ಬಂದರೆ ಪ್ರೊ ಮೋಡ್‌ನಲ್ಲಿ ಶಟರ್ 1/100 ಇಡಿ. ಭಾರತ, ದುಬೈ ಎರಡೂ ಕಡೆ ಕರೆಂಟ್ 50 ಹರ್ಟ್ಜ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಹಾಗಾಗಿ ಈ ವೇಗದಲ್ಲಿ ಹೆಚ್ಚಾಗಿ ಪಟ್ಟೆ ಹೋಗುತ್ತದೆ. ಜೂಮ್ ಮುಟ್ಟಬೇಡಿ.

ಮನೆಗೆ ಬಂದ ಮೇಲೆ

ತಿದ್ದುವುದು ಸ್ವಲ್ಪವೇ ಇರಲಿ. ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿ ಕಾಣುವಂತೆ ಬಣ್ಣ ಸರಿಮಾಡುವುದು: ಟ್ಯಾಂಕಿನ ತಳದ ಬಿಳಿ ಮರಳನ್ನು ಆಧಾರವಾಗಿ ಆರಿಸಿ, ಆಮೇಲೆ ಸ್ವಲ್ಪ ನೀಲಿ ವಾಪಸ್ ಕೊಡಿ. ನೀರು ನೀರಿನಂತೆ ಕಾಣಬೇಕಲ್ವಾ? ಮಬ್ಬು ತೆಗೆಯುವ ಡೀಹೇಜ್ ಒಂಚೂರು, ತೇಲುವ ಚುಕ್ಕೆಗಳನ್ನು ಅಳಿಸಲು ಹೀಲಿಂಗ್, ಕೊನೆಗೆ ನಾಯ್ಸ್ (ಕಾಳು ಕಾಳು) ಕಡಿಮೆ ಮಾಡುವುದು. ಫೋಟೋ ತಿದ್ದುವ ಆ್ಯಪ್ ಲೈಟ್‌ರೂಮ್, ಸ್ನ್ಯಾಪ್‌ಸೀಡ್ ಯಾವುದಾದರೂ ಸರಿ.

ಎಸಿ ಹಾಲ್‌ನಿಂದ ಚೆನ್ನೈ, ದುಬೈನ ಬಿಸಿಗಾಳಿಗೆ ಬರುವ ಮೊದಲು ಕ್ಯಾಮೆರಾವನ್ನು ಚೀಲದಲ್ಲಿಟ್ಟು ಜಿಪ್ ಹಾಕಿ, ಅರ್ಧ ಗಂಟೆ ತೆಗೆಯಬೇಡಿ. ಇಲ್ಲವಾದರೆ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಉಪ್ಪು ನೀರು ತಾಗಿದ್ದರೆ ಒಣಗಲು ಬಿಡಬೇಡಿ. ಒಣ ಬಟ್ಟೆಯಿಂದ ಉಜ್ಜಿದರೆ ಉಪ್ಪಿನ ಹರಳು ಗೀರುತ್ತದೆ. ಸಿಹಿನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೊದಲು ಒತ್ತಿ ತೆಗೆದು, ಆಮೇಲೆ ಒಣ ಬಟ್ಟೆಯಿಂದ ಒರೆಸಿ. ಲೆನ್ಸಿನ ತಿರುಗುವ ಬಳೆಗಳ ಸಂದು, ಬ್ಯಾಟರಿ ಬಾಗಿಲಿನ ಅಂಚು ಮರೆಯಬೇಡಿ, ಉಪ್ಪು ಉಳಿಯುವುದು ಅಲ್ಲೇ.